ಐದನೆಯದು ಬರಲಿ, ಎಡಿಟರ್ ಹಿಡ್ಕೊಂಡೇ ಬರಲಿ

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಹಳೇ ಹಾಸ್ಟೆಲ್ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಕೇಳಿದ: "ಏಜ್ ಆಫ್ ಎಂಪೈರ್ಸ್ ಐದು ಯಾವಾಗ ಮಾರಾಯ?" ಅಷ್ಟೇ. ಆಮೇಲೆ ಒಂದೂವರೆ ಗಂಟೆ ಯಾರೂ ಮಲಗಲಿಲ್ಲ. ಗೃಹಪ್ರವೇಶದ ಕರೆಯೋಲೆಗೂ ಬರೀ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುವವರೆಲ್ಲ ಎದ್ದು ಕೂತರು. ಆನೆ ಹೀಗಿರಬೇಕು, ಕೋಟೆ ಹಾಗಿರಬೇಕು, ವಿಜಯನಗರ ಬೇಕೇ ಬೇಕು ಅಂತ ಪಟ್ಟಿ ಬೆಳೆಯಿತು. ನಾನು ಒಂದೇ ಸಾಲು ಹಾಕಿದೆ: "ನನಗೆ ಎಡಿಟರ್ ಬೇಕು. ಮೊದಲ ದಿನವೇ ಬೇಕು." ಎಡಿಟರ್ ಅಂದರೆ ಆಡುವವರೇ ತಮ್ಮ ಊರು, ತಮ್ಮ ಕಥೆ ಕಟ್ಟಿಕೊಳ್ಳಲು ಆಟದೊಳಗೇ ಇರುವ ಸಲಕರಣೆ. ಯಾರೂ ತಿರುಗಿಯೂ ನೋಡಲಿಲ್ಲ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಆಡದವರಿಗೆ ಎರಡು ಮಾತು. ಇದು ಕಂಪ್ಯೂಟರಿನಲ್ಲಿ ಊರು ಕಟ್ಟಿ, ದಂಡು ಬೆಳೆಸಿ ಕಾದಾಡುವ ಆಟ. ಚೆಸ್ಸಿನ ಹಾಗೆ ಸರದಿ ಕಾಯುವುದು ಇಲ್ಲ. ಎಲ್ಲರೂ ಒಟ್ಟಿಗೇ ಓಡುತ್ತಿರುತ್ತಾರೆ. ಮೂರು ಜನ ಹಳ್ಳಿಯವರು, ಒಬ್ಬ ಕುದುರೆ ಸವಾರ, ನಡುವೆ ಒಂದು ಟೌನ್ ಸೆಂಟರ್, ಅಲ್ಲಿಂದ ಶುರು. 50 ಫುಡ್ ಕೊಟ್ಟರೆ ಇನ್ನೊಬ್ಬ ಹಳ್ಳಿಯವ. 500 ಕೂಡಿಸಿದರೆ ಮುಂದಿನ ಯುಗ. ನೀವು ಮರ ಕಡಿಸುತ್ತಾ ಲೆಕ್ಕ ಹಾಕುತ್ತಿರುವಾಗಲೇ ಆಚೆಯವನ ಕುದುರೆ ದಂಡು ಬಂದು ಕುರಿ ಕಾಯುವವರನ್ನು ಮುಗಿಸಿ ಹೋಗಿರುತ್ತದೆ. ಎರಡನೇ ಭಾಗ ಬಂದದ್ದು 1999ರಲ್ಲಿ. ಮರುವರ್ಷ ಅದಕ್ಕೆ ಕಾಂಕರರ್ಸ್ ಅನ್ನುವ ಸೇರ್ಪಡೆ ಬಂತು. ನಮ್ಮ ಪ್ರಾಯದವರಿಗೆ ಆಟ ಅಂದರೆ ಅದೇ.

ನಾವು ಆಡುತ್ತಿದ್ದದ್ದು ಮಂಗಳೂರಿನ ಹಂಪನಕಟ್ಟೆಯ ಒಂದು ಮಹಡಿ ಮೇಲಿನ ಸೈಬರ್ ಸೆಂಟರಿನಲ್ಲಿ. ಗಂಟೆಗೆ 20 ರೂಪಾಯಿ. ಆರು ಜನ ಹೋದರೆ ಅಲ್ಲಿನ ಅಣ್ಣ 15ಕ್ಕೆ ಬಿಡುತ್ತಿದ್ದರು. ಮಳೆಗಾಲದಲ್ಲಿ ಸಿಡಿಲು ಬಂದರೆ ಅವರೇ ಓಡಿ ಬಂದು ಎಲ್ಲ ಸ್ವಿಚ್ಚೂ ತೆಗೆಯುತ್ತಿದ್ದರು. ಗೆಲ್ಲುತ್ತಿದ್ದವ ಬೊಬ್ಬೆ ಹಾಕಬೇಕು, ಸೋಲುತ್ತಿದ್ದವ ಸಿಡಿಲಿಗೆ ಕೈಮುಗಿಯಬೇಕು. ನಾನು ಹೆಚ್ಚಾಗಿ ಕೈಮುಗಿಯುವ ಪೈಕಿ.

ನಮ್ಮಲ್ಲಿ ಒಬ್ಬ ಉಳ್ಳಾಲದವ. ಅವನಿಗೆ ಗೆಲ್ಲುವುದರಲ್ಲಿ ಅಷ್ಟು ಆಸೆ ಇರಲಿಲ್ಲ. ಆಟದ ಮೆನುವಿನಲ್ಲಿ ಮ್ಯಾಪ್ ಎಡಿಟರ್ ಅಂತ ಒಂದು ಇತ್ತಲ್ವಾ, ಅದರೊಳಗೇ ಕೂತಿರುತ್ತಿದ್ದ. 2005ರ ಮಳೆಗಾಲದಲ್ಲಿ ಅವನು ಅದರಲ್ಲಿ ಉಳ್ಳಾಲ ಕಟ್ಟಿದ. ನೇತ್ರಾವತಿ, ಗುರುಪುರ ಹೊಳೆ ಎರಡೂ ಬಂದು ಸೇರುವ ಅಳಿವೆಬಾಗಿಲು. ಆಚೆ ಬೆಂಗ್ರೆಯ ಮರಳ ದಿಬ್ಬ. ದಡದುದ್ದಕ್ಕೂ ತೆಂಗು ಅಂತ ನಂಬಿಕೊಳ್ಳಬೇಕಾದ ಪಾಮ್ ಮರಗಳು. ಸೋಮೇಶ್ವರದ ರುದ್ರಪಾದೆಗೆ ನಾಲ್ಕು ಬಂಡೆ. ನಡುವೆ ಒಂದು ಕೋಟೆ, ಅದರ ಹೆಸರು ಅಬ್ಬಕ್ಕ.

ತೊಂದರೆ ಏನೆಂದರೆ ಪಾತ್ರಧಾರಿಗಳೇ ಇರಲಿಲ್ಲ. 1999ರ ಆಟದಲ್ಲಿ 13 ನಾಗರಿಕತೆಗಳು, ಅಂದರೆ ಆಡಲು ಆರಿಸಿಕೊಳ್ಳುವ ಜನಾಂಗಗಳು, ಕಾಂಕರರ್ಸ್ ಸೇರಿದ ಮೇಲೆ 18. ಭಾರತದ್ದು ಒಂದೂ ಇಲ್ಲ, ಪೋರ್ಚುಗೀಸರೂ ಇಲ್ಲ. ಯಕ್ಷಗಾನ ಮೇಳಕ್ಕೆ ಕಲಾವಿದ ಬಾರದ ದಿನ ಇದ್ದವನಿಗೇ ವೇಷ ಕಟ್ಟುತ್ತಾರಲ್ಲ, ಹಾಗೆ ಮಾಡಿದ. ಪೋರ್ಚುಗೀಸರ ವೇಷ ಸ್ಪೇನಿನವರಿಗೆ. ಆನೆ ಬೇಕು ಅಂತ ಅಬ್ಬಕ್ಕನ ಕಡೆಗೆ ಪರ್ಷಿಯನ್ನರು. ಅವಳ ಬೆಂಕಿ ಬಾಣದ ಕಥೆ ಊರಲ್ಲೆಲ್ಲ ಹೇಳುತ್ತಾರೆ, ಅದಕ್ಕೆ ಆಟದಲ್ಲಿದ್ದ ಫೈರ್ ಶಿಪ್. ಪೋರ್ಚುಗೀಸ್ ಹಡಗು ಅಳಿವೆ ದಾಟಿದ ಕೂಡಲೇ ಬೆಂಗ್ರೆಯ ಹಿಂದಿನಿಂದ ಹನ್ನೆರಡು ಬೆಂಕಿ ದೋಣಿ ನುಗ್ಗುವ ಹಾಗೆ ಟ್ರಿಗರ್ ಹಾಕಿದ್ದ. ಮೊದಲ ಸಲ ಅದು ಆದಾಗ ಪಕ್ಕದಲ್ಲಿ ರೈಲು ಟಿಕೆಟ್ ಬುಕ್ ಮಾಡುತ್ತಿದ್ದ ಹಿರಿಯರೊಬ್ಬರು ಎದ್ದು ಬಂದು ನಮ್ಮ ಹಿಂದೆ ನಿಂತರು. "ಇದು ನಮ್ಮ ಉಳ್ಳಾಲವಾ?" ಅಂತ ಕೇಳಿದರು. ಟಿಕೆಟ್ ಆಯಿತೋ ಇಲ್ಲವೋ ಗೊತ್ತಿಲ್ಲ.

ಆ ಮ್ಯಾಪ್ ಹೋಯಿತು. ಒಂದು ದಿನ ಹೋದಾಗ ಎಲ್ಲ ಕಂಪ್ಯೂಟರೂ ಫಾರ್ಮ್ಯಾಟ್ ಆಗಿದ್ದವು. ಪೆನ್‌ಡ್ರೈವ್ ಆಗ ನಮ್ಮ ಯಾರ ಹತ್ತಿರವೂ ಇರಲಿಲ್ಲ. ಉಳ್ಳಾಲದವ ಎರಡು ದಿನ ಮಾತಾಡಲಿಲ್ಲ.

ಅದೇ ವರ್ಷದ ಕೊನೆಗೆ ಮೂರನೇ ಭಾಗ ಬಂತು. ನಮ್ಮ ಕಂಪ್ಯೂಟರುಗಳಿಗೆ ಅದನ್ನು ಎಳೆಯುವ ಶಕ್ತಿ ಇರಲಿಲ್ಲ, ನಮಗೆ ಅದರ ಕಾರ್ಡುಗಳ ಗೋಜು ಹಿಡಿಸಲಿಲ್ಲ. ಅಲ್ಲಿಂದ ಶುರುವಾಯಿತು ನಾಲ್ಕನೆಯದಕ್ಕೆ ಕಾಯುವುದು. 2009ರಲ್ಲಿ ಆಟ ಮಾಡಿದ ಎನ್ಸೆಂಬಲ್ ಸ್ಟುಡಿಯೋಸನ್ನೇ ಮೈಕ್ರೋಸಾಫ್ಟ್ ಮುಚ್ಚಿತು. ಇನ್ನು ಮುಗಿಯಿತು ಅಂದುಕೊಂಡೆವು. ಎಲ್ಲರಿಗೂ ಕೆಲಸ, ಮದುವೆ, ಸಾಲ. 2017ರ ಆಗಸ್ಟಿನಲ್ಲಿ ಜರ್ಮನಿಯ ಆಟಗಳ ಪ್ರದರ್ಶನ ಗೇಮ್ಸ್‌ಕಾಮ್‌ನಲ್ಲಿ ನಾಲ್ಕನೆಯದು ಬರುತ್ತದೆ ಅಂತ ಹೇಳಿದಾಗ ನಾನು ಆಫೀಸಿನ ಶೌಚಾಲಯದಲ್ಲಿ ನಿಂತು ಟ್ರೇಲರ್ ನೋಡಿದೆ. ಅದರಲ್ಲಿ ಆಟದ ಒಂದು ದೃಶ್ಯವೂ ಇರಲಿಲ್ಲ. ಬರೀ ಬಿಡಿಸಿದ ಚಿತ್ರಗಳು. ಆದರೂ ಮೂರು ಸಲ ನೋಡಿದೆ.

ಆಮೇಲೆ ನಾಲ್ಕು ವರ್ಷ ಬರೀ ವಾದ. ನಿಜವಾದ ಆಟ ಹೇಗೆ ಕಾಣುತ್ತದೆ ಅಂತ ಮೊದಲ ಸಲ ತೋರಿಸಿದ್ದು 2019ರ ನವೆಂಬರ್ 14ಕ್ಕೆ. ಬಾಣಗಳು ಈಟಿಯಷ್ಟು ದಪ್ಪ ಉಂಟು, ಮಕ್ಕಳ ಮೊಬೈಲ್ ಆಟದ ಹಾಗೆ ಉಂಟು ಅಂತ ಜಗಳ. ತಮಾಷೆ ನೋಡಿ, ಎರಡನೇ ಭಾಗದ ಹೊಸ ಆವೃತ್ತಿ, ಡೆಫಿನಿಟಿವ್ ಎಡಿಷನ್, ಬಿಡುಗಡೆಯಾದದ್ದೂ ಅದೇ ದಿನ. ನಾವು ಬರಲಿರುವುದರ ಬಾಣ ಅಳೆಯುತ್ತಾ ಕೂತಿದ್ದೆವು. ಬಂದಿರುವುದನ್ನು ಆಡಲಿಲ್ಲ.

ನಾಲ್ಕನೆಯದು 2021ರ ಅಕ್ಟೋಬರ್ 28ಕ್ಕೆ ಬಂತು. ಕೆಟ್ಟ ಆಟ ಅಂತ ನಾನು ಖಂಡಿತ ಹೇಳುವುದಿಲ್ಲ. ಸೈನಿಕರು ಕೋಟೆಗೋಡೆಯ ಮೇಲೆ ಹತ್ತಿ ನಿಲ್ಲುತ್ತಾರೆ. ಮಂಗೋಲರು ಕಟ್ಟಡಗಳನ್ನೇ ಗಾಡಿಗೆ ಹೇರಿಕೊಂಡು ಹೊರಡುತ್ತಾರೆ. ಯುಗ ದಾಟಿದ ಹಾಗೆ ಜನರ ಮಾತೂ ಬದಲಾಗುತ್ತಾ ಹೋಗುತ್ತದೆ, ಅದು ನಿಜವಾಗಿ ಚಂದ. ದಿಲ್ಲಿ ಸುಲ್ತಾನರೂ ಇದ್ದಾರೆ. ಆದರೆ ಎಡಿಟರ್? ಇಲ್ಲ. ಅದು ಬಂದದ್ದು ಮರುವರ್ಷ. ಅಷ್ಟರಲ್ಲಿ ಉಳ್ಳಾಲದವನ ಉಮೇದು ಇಳಿದಿತ್ತು. ಮನೆ ಕೊಟ್ಟು ಬೀಗದ ಕೈ ಆಮೇಲೆ ಕೊಡ್ತೇನೆ ಅಂದರೆ ಯಾರು ಒಕ್ಕಲಾಗ್ತಾರೆ?

"ಎಡಿಟರ್ ಎಷ್ಟು ಜನ ಮುಟ್ಟುತ್ತಾರೆ? ನೂರಕ್ಕೆ ಇಬ್ಬರು" ಅಂತ ಗುಂಪಿನಲ್ಲಿ ಒಬ್ಬ ಹೇಳಿದ. ಇರಬಹುದು. ಆದರೆ ಆ ಇಬ್ಬರು ಏನು ಮಾಡಿದ್ದಾರೆ ನೋಡಿ. ನನ್ನ ಅಕ್ಕನ ಮಗ ಊಟ ಬಿಟ್ಟು ಆಡುವ ಡೋಟಾ ಹುಟ್ಟಿದ್ದು ವಾರ್‌ಕ್ರಾಫ್ಟ್ ಮೂರು ಅನ್ನುವ ಬೇರೊಂದು ಆಟದ ಎಡಿಟರಿನಲ್ಲಿ, ಆಟಗಾರರ ಕೈಯಲ್ಲಿ. ಕಂಪನಿಗಳಿಗೂ ಇದು ಚೆನ್ನಾಗಿ ಗೊತ್ತು. 2020ರಲ್ಲಿ ಆ ವಾರ್‌ಕ್ರಾಫ್ಟನ್ನೇ ಹೊಸದಾಗಿ ಬಿಡುವಾಗ, ಆಟಗಾರರು ಮಾಡುವ ಮ್ಯಾಪೆಲ್ಲ ಕಂಪನಿಗೇ ಸೇರಿದ್ದು ಅಂತ ನಿಯಮ ಬರೆದುಕೊಂಡರು.

ಏಜ್ ಆಫ್ ಎಂಪೈರ್ಸ್ ಎರಡರ ಕಥೆ ಇನ್ನೂ ರುಚಿ. ಕಂಪನಿ ಅದನ್ನು ಮರೆತು ಕೂತಿದ್ದ ಕಾಲಕ್ಕೆ ಕೆಲವು ಅಭಿಮಾನಿಗಳು ಅದರ ಫೈಲುಗಳನ್ನು ಬಿಚ್ಚಿ ಐದು ಹೊಸ ನಾಗರಿಕತೆ ಸೇರಿಸಿದರು. ಫರ್ಗಾಟನ್ ಎಂಪೈರ್ಸ್ ಅಂತ ಹೆಸರು. ಸಂಬಳ ಇಲ್ಲ, ಸುಮ್ನೆ ಪ್ರೀತಿಗೆ. ಆ ಐದರಲ್ಲಿ ಒಂದು ಭಾರತದ್ದು. 2013ರಲ್ಲಿ ಕಂಪನಿಯೇ ಅದನ್ನು ಅಧಿಕೃತ ಮಾಡಿತು. 2015ರಲ್ಲಿ ಪೋರ್ಚುಗೀಸರು ಬಂದರು. 2022ರ ಏಪ್ರಿಲ್ 28ಕ್ಕೆ ಡೈನಾಸ್ಟೀಸ್ ಆಫ್ ಇಂಡಿಯಾ ಬಂತು, ದ್ರಾವಿಡರೂ ಬಂದರು. ಮಾಡಿದವರು ಯಾರು? ಅದೇ ಫರ್ಗಾಟನ್ ಎಂಪೈರ್ಸಿನವರು. ಆ ದ್ರಾವಿಡರ ಕೈಯಲ್ಲಿ ಉರುಮಿ, ಸೊಂಟಕ್ಕೆ ಸುತ್ತಿಕೊಳ್ಳುವ ಬಳುಕು ಕತ್ತಿ. ಒಳ್ಳೆಯ ಕುದುರೆ ದಂಡು ಇಲ್ಲ. ಕಡಲಿನಲ್ಲಿ ಗಟ್ಟಿ. ಮೀನು ಹಿಡಿಯುವವರು ಬೇರೆಯವರಿಗಿಂತ ಜಾಸ್ತಿ ಹೊರುತ್ತಾರೆ. ಇದನ್ನು ಓದಿ ನಾನು ಒಬ್ಬನೇ ಕೂತು ನಕ್ಕೆ. ಮಲ್ಪೆ ಬಂದರಿನಲ್ಲಿ ಯಾರನ್ನಾದರೂ ಕೇಳಿ ಮಾಡಿದ್ದಾರೋ ಏನೋ!

ಅಂದರೆ 2005ರಲ್ಲಿ ವೇಷ ಕಟ್ಟಲು ಜನ ಇಲ್ಲದ ನಮ್ಮ ಪ್ರಸಂಗಕ್ಕೆ ಒಬ್ಬೊಬ್ಬರೇ ಕಲಾವಿದರು ಬಂದು ಸೇರಿದರು. ನಾವು ಬೇರೆ ಮೇಳದ ದಾರಿ ಕಾಯುತ್ತಾ ಹೆದ್ದಾರಿಯಲ್ಲಿ ನಿಂತಿದ್ದೆವು. ವೇಷ ಕಟ್ಟುವ ಚೌಕಿ ತುಂಬಿದ್ದು ನಮ್ಮ ಹಳೇ ಮೇಳದಲ್ಲಿ.

ಹಾಗಾಗಿ ಐದನೆಯದು ಬರುವುದಿದ್ದರೆ ಬರಲಿ. ವಿಜಯನಗರ ಇಲ್ಲದಿದ್ದರೂ ನನಗೆ ಬೇಜಾರಿಲ್ಲ. ಎಡಿಟರ್ ಇದ್ದರೆ ಹೊಸಪೇಟೆಯ ಯಾವನೋ ಹುಡುಗ ಎರಡು ವಾರದಲ್ಲಿ ಕಟ್ಟಿ ಕೊಡ್ತಾನೆ, ಕಂಪನಿಯವರಿಗಿಂತ ಸರಿಯಾಗಿಯೇ ಕಟ್ಟುತ್ತಾನೆ. ಎಡಿಟರ್ ಇಲ್ಲದೆ ಇಪ್ಪತ್ತು ನಾಗರಿಕತೆ ಕೊಟ್ಟರೂ ನಾನು ಮುಂಗಡ ದುಡ್ಡು ಕಟ್ಟುವುದಿಲ್ಲ. ಕಳೆದ ಸಲ ಕಟ್ಟಿದ್ದೆ. ಹೆಂಡತಿಗೆ ಇನ್ನೂ ಹೇಳಿಲ್ಲ. ಅವಳು ಇದನ್ನು ಓದುತ್ತಿದ್ದರೆ, ಸಾರಿ.

ಉಳ್ಳಾಲದವ ಈಗ ಸೌದಿಯ ಜುಬೈಲ್‌ನಲ್ಲಿದ್ದಾನೆ. ದ್ರಾವಿಡರು ಬಂದ ವಾರವೇ ನಾನು ಅವನಿಗೆ ಫೋನ್ ಮಾಡಿದ್ದೆ. ಈಗ ಶುಕ್ರವಾರ ಅವನಿಗೆ ರಜೆ, ನನಗೆ ರಾತ್ರಿ ಪುರುಸೊತ್ತು. ಇಬ್ಬರೂ ಸೇರಿ ಮೊದಲಿನಿಂದ ಕಟ್ಟುತ್ತಿದ್ದೇವೆ, ಡೆಫಿನಿಟಿವ್ ಎಡಿಷನ್ನಿನಲ್ಲಿ. ಈ ಸಲ ಪೋರ್ಚುಗೀಸರು ಪೋರ್ಚುಗೀಸರೇ. ಫೈಲು ಮೂರು ಕಡೆ ಸೇವ್ ಉಂಟು. ಕಳೆದ ವಾರ ಕಳಿಸಿದ್ದಕ್ಕೆ ಅವನ ವಾಯ್ಸ್ ಮೆಸೇಜ್ ಬಂದಿದೆ. ಬೆಂಗ್ರೆ ಸರಿ ಉಂಟಂತೆ. ರುದ್ರಪಾದೆ ಮಾತ್ರ ಇನ್ನೂ ಎರಡು ಚೌಕ ತೆಂಕಕ್ಕೆ ಹೋಗಬೇಕಂತೆ. ನಾನು ಸೋಮೇಶ್ವರಕ್ಕೆ ಹೋಗದೆ ಎಷ್ಟು ವರ್ಷ ಆಯಿತು ಅಂತಲೂ ಕೇಳಿದ್ದಾನೆ. ಆದಿತ್ಯವಾರ ಮಳೆ ಬಿಟ್ಟರೆ ಹೋಗಿ ನೋಡಿಕೊಂಡು ಬರಬೇಕು.