ನಾಯಿಮರಿ ಅಂಗಡಿಯ ಬೈಲಾ ಮತ್ತು ನಮ್ಮ ಬೆಂಗಳೂರು

ನ್ಯೂಜೆರ್ಸಿಯಲ್ಲಿರುವ 564 ಪುರಾಡಳಿತಗಳ ಪೈಕಿ ನೂರಕ್ಕೂ ಹೆಚ್ಚು ಕಡೆ ಅಂಗಡಿಯಲ್ಲಿ ನಾಯಿ, ಬೆಕ್ಕಿನ ಮರಿಗಳನ್ನು ಮಾರುವುದಕ್ಕೆ ನಿರ್ಬಂಧವಿದೆ. ನಾನು ನೆಲೆಸಿರುವ ಊರಿನ ಕೌನ್ಸಿಲ್ ಮುಂದೆಯೂ ಅಂಥದೇ ಬೈಲಾ ಬಂದಾಗ ಅದರ ಸಾರ್ವಜನಿಕ ವಿಚಾರಣೆಗೆ ಹೋಗಿ ಕೊನೆಯವರೆಗೂ ಕುಳಿತಿದ್ದೆ. ಅಲ್ಲಿ ಕೇಳಿದ ವಾದಗಳಿಗಿಂತಲೂ ಆ ವಾದಗಳನ್ನು ಕೇಳಿಸಿಕೊಂಡ ಕ್ರಮವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು.

ನಿರ್ಬಂಧ ಬೇಕೆನ್ನುವವರ ಕಾರಣ ಸರಳವಾದದ್ದು. ಮಾಲ್‌ನ ಗಾಜಿನ ಹಿಂದೆ ಆಡುವ ಮರಿ ಹುಟ್ಟಿರುವುದು ಬಹುತೇಕ ಮಿಸೌರಿ, ಅಯೋವಾ, ಒಹಾಯೊದಂಥ ದೂರದ ರಾಜ್ಯಗಳ ದೊಡ್ಡ ತಳಿ ಸಾಕಣೆ ಕೇಂದ್ರಗಳಲ್ಲಿ. ಇವನ್ನೇ ಇಲ್ಲಿನವರು ‘ಪಪ್ಪಿ ಮಿಲ್’ ಎನ್ನುತ್ತಾರೆ. ಮರಿ ಟ್ರಕ್ ಏರಿ ಪೂರ್ವ ಕರಾವಳಿಗೆ ಬರುತ್ತದೆ, ತಾಯಿ ಪಂಜರದಲ್ಲೇ ಉಳಿಯುತ್ತದೆ. 1966ರ ಪ್ರಾಣಿ ಕಲ್ಯಾಣ ಕಾಯ್ದೆಯಡಿ ಅಮೆರಿಕದ ಕೇಂದ್ರ ಕೃಷಿ ಇಲಾಖೆ ಈ ಕೇಂದ್ರಗಳಿಗೆ ಪರವಾನಗಿ ಕೊಡುತ್ತದೆ, ತಪಾಸಣೆಯನ್ನೂ ಮಾಡುತ್ತದೆ. ಆದರೆ ಪಂಜರ ನಾಯಿಯ ಉದ್ದಕ್ಕಿಂತ ಆರು ಅಂಗುಲ ಹೆಚ್ಚಿದ್ದು, ತಲೆಯ ಮೇಲೆ ಇನ್ನೂ ಆರು ಅಂಗುಲ ಜಾಗವಿದ್ದರೆ ಅಳತೆಯ ನಿಯಮ ಪಾಲಿಸಿದಂತಾಗುತ್ತದೆ. ಒಂದು ಹೆಣ್ಣುನಾಯಿ ತನ್ನ ಜೀವಿತದಲ್ಲಿ ಎಷ್ಟು ಬಾರಿ ಈಯಬಹುದು ಎಂಬುದಕ್ಕೆ ಆ ಕಾಯ್ದೆಯಲ್ಲಿ ಮಿತಿಯೇ ಇಲ್ಲ. ಸಾಕಣೆ ಕೇಂದ್ರಗಳಿರುವ ರಾಜ್ಯಗಳನ್ನು ತಿದ್ದಲಾಗದೆ, ಮರಿಗಳನ್ನು ಕೊಳ್ಳುವ ಊರುಗಳೇ ತಮ್ಮ ಬಾಗಿಲು ಮುಚ್ಚಿಕೊಳ್ಳತೊಡಗಿವೆ. ಕ್ಯಾಲಿಫೋರ್ನಿಯಾದ ಕಾನೂನು 2019ರಿಂದ, ಪಕ್ಕದ ನ್ಯೂಯಾರ್ಕ್‌ನದು 2024ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.

ಆ ಸಂಜೆ ಮೈಕಿನ ಮುಂದೆ ಮೊದಲು ನಿಂತವರು ಅಂಗಡಿಯ ಮಾಲೀಕರು. ತಾವು ಮರಿ ತರಿಸುವ ಪ್ರತಿಯೊಬ್ಬ ತಳಿಗಾರರ ಪರವಾನಗಿ ಮತ್ತು ತಪಾಸಣಾ ವರದಿಗಳನ್ನು ದಪ್ಪ ಫೈಲಿನಲ್ಲಿ ಜೋಡಿಸಿ ತಂದಿದ್ದರು. ಕ್ಲರ್ಕ್ ಅದನ್ನು ಪಡೆದು, ಮೊದಲ ಪುಟದ ಮೇಲೆ ತಾರೀಖು ಬರೆದು, ದಾಖಲೆಗೆ ಸೇರಿಸಲಾಗಿದೆ ಎಂದು ಗಟ್ಟಿಯಾಗಿ ಹೇಳಿದರು. ಅಂಗಡಿ ಮುಚ್ಚಿಸಿದರೆ ಜನ ಇಂಟರ್ನೆಟ್ಟಿನಲ್ಲಿ ಮರಿ ತರಿಸುತ್ತಾರೆ, ಅಲ್ಲಿ ಈ ಕಾಗದವೂ ಇರುವುದಿಲ್ಲ ಎಂಬುದು ಅವರ ವಾದ. ಅದು ತಳ್ಳಿಹಾಕುವ ಮಾತಲ್ಲ. ಅವರ ನಂತರ ಮಾತನಾಡಿದ ಪ್ರಾಣಿ ಆಶ್ರಯಧಾಮದ ಸ್ವಯಂಸೇವಕಿ ಕೂಡ ಅದನ್ನು ಅಲ್ಲಗಳೆಯದೆ, ತಮ್ಮಲ್ಲಿ ಮನೆಗಾಗಿ ಕಾಯುತ್ತಿರುವ ನಾಯಿಗಳನ್ನೇ ಅದೇ ಅಂಗಡಿಯಲ್ಲಿ ಇಟ್ಟು ದತ್ತು ಕೊಡಬಹುದೆಂದು ಸೂಚಿಸಿದರು. ಊರಿನಲ್ಲಿ ಪರಸ್ಪರ ಆಗದವರೆನ್ನಿಸಿಕೊಂಡ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಿಸಿಕೊಂಡರು. ನನಗೆ ನಿರ್ಬಂಧವೇ ಸರಿ ಎನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಜೀವನೋಪಾಯ ಕಳೆದುಕೊಳ್ಳಲಿರುವವರ ಮಾತು ಕೇಳದೆ ಮಾಡಿದ ನಿರ್ಬಂಧವಾಗಿದ್ದರೆ ಅದನ್ನು ನಾನು ಇಷ್ಟು ನಿಶ್ಚಿಂತೆಯಿಂದ ಒಪ್ಪುತ್ತಿರಲಿಲ್ಲ.

ಇದು ಯಾರೋ ಒಬ್ಬ ಮೇಯರ್ ತೋರಿದ ಔದಾರ್ಯವಲ್ಲ. ನ್ಯೂಜೆರ್ಸಿಯ 1975ರ ಮುಕ್ತ ಸಭೆಗಳ ಕಾಯ್ದೆಯ ಪ್ರಕಾರ ಸಭೆಯ ಸೂಚನೆ 48 ಗಂಟೆ ಮೊದಲೇ ಹೊರಬೀಳಬೇಕು ಮತ್ತು ಪುರಾಡಳಿತದ ಸಭೆಯಲ್ಲಿ ಸಾರ್ವಜನಿಕರ ಮಾತಿಗೆ ಸಮಯ ಮೀಸಲಿಡಬೇಕು. ಬೈಲಾ ಮಂಡನೆಯಾದ ಮೇಲೆ ಕನಿಷ್ಠ ಹತ್ತು ದಿನ ಕಳೆಯದೆ, ವಿಚಾರಣೆ ನಡೆಯದೆ ಅಂಗೀಕಾರವಾಗುವಂತಿಲ್ಲ. ಅದೇ ಸಭೆಯಲ್ಲಿ ರಸ್ತೆಬದಿಯ ಎಲೆರಾಶಿ ಎತ್ತುವ ಗುತ್ತಿಗೆ, ಶಾಲೆಯ ಎದುರಿನ ಪಾದಚಾರಿ ದಾಟು, ಪಾರ್ಕಿನಲ್ಲಿ ಕ್ರಿಕೆಟ್ ಪಿಚ್ ಬೇಕೆಂಬ ಮನವಿ ಎಲ್ಲವೂ ಬಂದವು. ಆ ಪಿಚ್ಚಿನಲ್ಲಿ ಆಡಬೇಕಾದವರು ಹೆಚ್ಚಾಗಿ ನಮ್ಮವರೇ ಆದರೂ ಮಾತನಾಡಲು ಬಂದವರು ಬೆರಳೆಣಿಕೆಯಷ್ಟು. ರಾಜ್ಯೋತ್ಸವಕ್ಕೆ ಸಭಾಂಗಣ ತುಂಬಿಸುವ ನಾವು ಕೌನ್ಸಿಲ್ಲಿನ ಖಾಲಿ ಕುರ್ಚಿಗಳಲ್ಲಿ ನಾಲ್ಕನ್ನಾದರೂ ತುಂಬಬೇಕು.

ಇನ್ನು ನಮ್ಮ ನಾಡಿನ ವಿಷಯ. ಕಾಗದದ ಮೇಲೆ ನೋಡಿದರೆ ಈ ಬಾಬತ್ತಿನಲ್ಲಿ ಭಾರತವೇ ಅಮೆರಿಕಕ್ಕಿಂತ ಮುಂದಿದೆ. ನಾಯಿ ತಳಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳು ಹೆಣ್ಣುನಾಯಿಯ ವಯಸ್ಸಿಗೂ ಹೆರಿಗೆಗೂ ಮಿತಿ ಹಾಕಿವೆ; 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ, ಎಂಟು ವಾರ ತುಂಬದ ನಾಯಿಮರಿಯನ್ನು ಮಾರುವಂತಿಲ್ಲ. ಇಷ್ಟಿದ್ದೂ ಬೆಂಗಳೂರಿನಲ್ಲಿ ನನ್ನ ಅಕ್ಕ ತಮ್ಮ ಬೀದಿಯ ಅಂಗಡಿಯೊಂದರಲ್ಲಿ ಕಣ್ಣು ಸರಿಯಾಗಿ ಬಿಡದ ಮರಿಗಳನ್ನು ಕಂಡಾಗ ಯಾರ ಬಳಿ ಹೋಗಿ ಕೇಳಬೇಕೆಂದು ತಿಳಿಯದೆ ಸುಮ್ಮನಾದಳು. ವಾರ್ಡಿಗೆ ಕಾರ್ಪೊರೇಟರ್ ಇದ್ದಿದ್ದರೆ ಅವರ ಮನೆ ಬಾಗಿಲಿಗಾದರೂ ಹೋಗುತ್ತಿದ್ದಳು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯನ್ನು ಐದಾಗಿ ಒಡೆಯುವಾಗಲೂ ನಗರ ನಡೆಸುತ್ತಿದ್ದವರು ಅಧಿಕಾರಿಗಳೇ. ಹಳ್ಳಿಗೆ ವರ್ಷಕ್ಕೆರಡು ಬಾರಿಯಾದರೂ ಗ್ರಾಮಸಭೆಯನ್ನು ಕಡ್ಡಾಯ ಮಾಡಿರುವ ರಾಜ್ಯದ ರಾಜಧಾನಿಗೆ ಈ ಗತಿ ಬಂದಿರುವುದು ನನಗೆ ಬಹಳ ನೋವಿನ ಸಂಗತಿ.

ಇಲ್ಲಿನದೆಲ್ಲ ಮೇಲು, ಅಲ್ಲಿನದೆಲ್ಲ ಕೀಳು ಎಂದು ಇದರ ಅರ್ಥವಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಸುತ್ತಮುತ್ತ ನಾಯಿ ಸಾಕುವ ಕುಟುಂಬಗಳ ಹತ್ತಿರ ಮರಿ ಕೊಳ್ಳಲು ಹೋದವರು ಅಂಗಳದಲ್ಲಿ ತಾಯಿಯನ್ನು ನೋಡಿ, ಅದರ ಓಟ ನೋಡಿ, ಮನೆಯವರ ಜೊತೆ ಮಾತನಾಡಿ ಮರಿ ತರುತ್ತಾರೆ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಲೂಸಿ ಕಾನೂನು’ ಮಧ್ಯವರ್ತಿಗಳ ಮಾರಾಟವನ್ನು ನಿಲ್ಲಿಸಿ, ಕೊಳ್ಳುವವರು ಮರಿಯನ್ನು ತಾಯಿಯ ಜೊತೆಯಲ್ಲೇ ನೋಡುವಂತಾಗಬೇಕು ಎಂದು ಬಯಸಿದ್ದೂ ಇದನ್ನೇ. ಮುಧೋಳ ತಳಿಗಾಗಿ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಇದೆ. ನಗರದ ಅಂಗಡಿಗಳನ್ನು ಬಿಗಿಗೊಳಿಸುವ ನಿಯಮ ಬಂದರೆ ಈ ಕುಟುಂಬಗಳನ್ನು ಕರೆದು ಕೇಳಿಯೇ ಬರಬೇಕು, ಮರಿಯನ್ನು ಪೆಟ್ಟಿಗೆಯಲ್ಲಿ ತರಿಸಿ ಮಾರುವ ದಲ್ಲಾಳಿಯೂ ಇವರೂ ಒಂದೇ ಎಂದು ಎಣಿಸಬಾರದು.

ಬೆಂಗಳೂರಿನ ಐದು ಪಾಲಿಕೆಗಳಿಂದ ನಾನು ದೊಡ್ಡದೇನನ್ನೂ ಕೇಳುತ್ತಿಲ್ಲ. ತಮ್ಮ ವ್ಯಾಪ್ತಿಯಲ್ಲಿ ನೋಂದಣಿಯಾದ ಸಾಕುಪ್ರಾಣಿ ಅಂಗಡಿಗಳ ಪಟ್ಟಿಯನ್ನು ಪ್ರತಿ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಲಿ. ವಾರ್ಡ್ ಸಮಿತಿಯ ಸಭೆಯ ತಾರೀಖನ್ನು ಮುಂಚಿತವಾಗಿ ತಿಳಿಸಲಿ. ಅಂಗಡಿಯವರೂ ನನ್ನ ಅಕ್ಕನಂಥವರೂ ಅಲ್ಲಿ ಹೇಳಿದ್ದನ್ನು ಅವರವರ ಹೆಸರಿನ ಸಮೇತ ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ.