ಡಯಾಟಮ್ ಪುಡಿ: ನೀರಿನಲ್ಲಿ ಕಲಸಿ ಎರಚಿದರೆ ಕೀಟ ತಕ್ಷಣ ಸಾಯುವುದಿಲ್ಲ

‘ಡಯಾಟಮೇಶಿಯಸ್ ಅರ್ತ್ ಪುಡಿಯನ್ನು ನೀರಿನಲ್ಲಿ ಕಲಸಿ ಸಿಂಪಡಿಸಿ, ಕೀಟಗಳು ತಕ್ಷಣ ಸಾಯುತ್ತವೆ, ನೈಸರ್ಗಿಕವಾದ್ದರಿಂದ ಯಾರಿಗೂ ಅಪಾಯವಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ನಿಜ ಅರ್ಧವೂ ಇಲ್ಲ.

ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯಿಂದಾದ ಈ ಪುಡಿ ಕೀಟದ ಮೈಮೇಲಿನ ಮೇಣದ ಪದರವನ್ನು ಹೀರಿಕೊಳ್ಳುತ್ತದೆ, ಗೀರುತ್ತದೆ. ಆಮೇಲೆ ದೇಹದ ನೀರು ಆರಿಹೋಗಿ ಕೀಟ ಸಾಯುತ್ತದೆ. ಇದಕ್ಕೆ ಕೆಲವು ದಿನಗಳೇ ಹಿಡಿಯಬಹುದು. ಒದ್ದೆಯಾಗಿರುವಷ್ಟು ಹೊತ್ತು ಪುಡಿ ಕೆಲಸ ಮಾಡದು. ಸಿಂಪಡಿಸಿದ್ದು ಪೂರ್ತಿ ಒಣಗಬೇಕು. ಮಳೆಗಾಲದಲ್ಲಿ ತೋಟಕ್ಕೆ ಎರಚುವುದು ದುಡ್ಡು ದಂಡ. ಜಿರಲೆ, ಇರುವೆ ಓಡಾಡುವ ಒಣ ಸಂದುಗಳೇ ಇದಕ್ಕೆ ತಕ್ಕ ಜಾಗ.

ಅಪಾಯವಿಲ್ಲವೆಂಬುದೂ ಸುಳ್ಳು. ಹೂವಿನ ಮೇಲೆ ಬಿದ್ದರೆ ಜೇನುನೊಣಕ್ಕೂ ಕುತ್ತು. ಉದುರಿಸುವವರು ಮಾಸ್ಕ್ ಧರಿಸಬೇಕು. ಈಜುಕೊಳದ ಫಿಲ್ಟರಿಗೆಂದು ಮಾರುವ, ಹೆಚ್ಚು ಶಾಖದಲ್ಲಿ ಸುಟ್ಟ ಪುಡಿಯನ್ನಂತೂ ಬಳಸಲೇಬಾರದು: ಅದರಲ್ಲಿರುವ ಸ್ಫಟಿಕ ರೂಪದ ಸಿಲಿಕಾ ಶ್ವಾಸಕೋಶಕ್ಕೆ ಹಾನಿಕರ.