ಆ ಮೀಟು ಎಲ್ಲಿ ಹೋಯ್ತು?

ನಿನ್ನೆ ರಾತ್ರಿ ಸರಸ್ವತಿಪುರಂನ ಮನೆಯಲ್ಲಿ ದೀಪ ಆರಿಸಿ, ನಮ್ಮ ಮೈಸೂರಿನ ಹಿರಿಯ ವೈಣಿಕರೊಬ್ಬರ ಹೊಸ ಆಲ್ಬಂ ಹಾಕಿದೆ. ಎರಡೇ ನಿಮಿಷಕ್ಕೆ ನಿಲ್ಲಿಸಿಬಿಟ್ಟೆ. ಸಾಕಾಗಿಹೋಯ್ತು ಕಣ್ರೀ!

ತೋಡಿ ರಾಗದ ಆಲಾಪನೆ ಗುಹೆಯೊಳಗಿಂದ ಬಂದ ಹಾಗಿದೆ, ಅಷ್ಟೊಂದು ರಿವರ್ಬ್, ಅಂದರೆ ಕೃತಕ ಅನುರಣನ, ಯಾಕೆ? ತಂಬೂರಿಯ ಜಾಗದಲ್ಲಿ ಕೀಬೋರ್ಡು, ಮೃದಂಗದ ಪಕ್ಕ ಡ್ರಮ್ ಪ್ಯಾಡು, ಮೇಲೆ ಹಕ್ಕಿಗಳ ಚಿಲಿಪಿಲಿ. ಯಾರು ಕೇಳಿದ್ದರು ಇದನ್ನೆಲ್ಲ? ಹತ್ತು ವರ್ಷದಿಂದ ಪ್ರತಿ ಆಲ್ಬಂದೂ ಇದೇ ಗೋಳು.

ವೀಣೆಯ ಜೀವ ಇರುವುದೇ ಮೀಟಿದ ಮೇಲೆ ತಂತಿ ಎಳೆಯುತ್ತಾ ನಾದ ಕ್ಷೀಣಿಸುವ ಆ ಗಳಿಗೆಯಲ್ಲಿ. ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಹಾಕಿ ಪಿಸುಮಾತನ್ನೂ ಕೂಗನ್ನೂ ಒಂದೇ ಎತ್ತರಕ್ಕೆ ತಂದರೆ ಗಮಕ, ಸ್ವರಗಳ ಆ ತೂಗಾಟ, ಎಲ್ಲಿ ಉಳಿಯುತ್ತೆ? 16 ಬಿಟ್‌ನ ಸಿ.ಡಿ.ಯಲ್ಲೇ ಅತಿ ಮೆಲುದನಿಯಿಂದ ಅತಿ ಜೋರು ದನಿಯವರೆಗೆ ಸುಮಾರು 96 ಡೆಸಿಬಲ್ ಹರವಿದೆ. ಎಲ್ಲವನ್ನೂ ಅದರ ನೆತ್ತಿಯ ಮೇಲೇ ತುರುಕಬೇಕಾ?

ಮೈಸೂರಿನ ಎಂಟನೇ ಕ್ರಾಸಿನ ಗಣೇಶೋತ್ಸವದ ಕಛೇರಿಯಲ್ಲಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದ, ಅವರದ್ದೇ ಹಳೇ ಕ್ಯಾಸೆಟ್ ನನ್ನ ಹತ್ತಿರ ಇದೆ. ಹಿಸ್ ಎನ್ನುತ್ತೆ, ನಡುವೆ ಯಾರೋ ಕೆಮ್ಮುತ್ತಾರೆ. ಆದರೆ ತಂತಿಯ ಮೇಲೆ ಬೆರಳು ಜಾರುವುದು ಸ್ಪಷ್ಟವಾಗಿ ಕೇಳಿಸುತ್ತೆ.

ಎಪ್ಪತ್ತು ದಾಟಿದ ಆ ಬೆರಳುಗಳು ಈಗಲೂ ಹಾಗೇ ನುಡಿಸುತ್ತವೆ, ಮೊನ್ನೆ ಎದುರಿಗೇ ಕೂತು ಕೇಳಿದ್ದೇನೆ. ಅಂಥ ನಾದವನ್ನು ಹೀಗೆ ಮುಚ್ಚಿಹಾಕೋಕೆ ಮನಸ್ಸಾದರೂ ಹೇಗೆ ಬಂತು?